ಗಾಡಿ ಬೇಡ, ನಡೀರಿ!

ಪ್ರಶ್ನೆ: ಅಮೆರಿಕದ ಬ್ಯಾಂಡನ್ ಡ್ಯೂನ್ಸ್‌ನಲ್ಲಿ ಗಾಲ್ಫ್ ಆಡುವವರು ಮೈದಾನದಲ್ಲಿ ಓಡಾಡಲು ಗಾಲ್ಫ್ ಗಾಡಿ ಹತ್ತುವಂತಿಲ್ಲವಂತೆ, ನಡೆದೇ ಆಡಬೇಕಂತೆ. ಯಾಕೆ ಸರ್?

ಉತ್ತರ: ಅದು ಆ ಮೈದಾನ ಕಟ್ಟಿಸಿದ ಮೈಕ್ ಕೈಸರ್ ಅವರ ಹಟ. ಷಿಕಾಗೋದಲ್ಲಿ ಮರುಬಳಕೆ ಕಾಗದದ ಗ್ರೀಟಿಂಗ್ ಕಾರ್ಡ್ ಮಾರಿ ದುಡ್ಡು ಮಾಡಿದವರು. ಆರೆಗನ್ ಕಡಲ ದಂಡೆಯಲ್ಲಿ ಮುಳ್ಳುಪೊದೆ ತುಂಬಿದ ಮರಳು ದಿಬ್ಬ ಕೊಂಡರು. ವಿನ್ಯಾಸದ ಕೆಲಸವನ್ನು ಇನ್ನೂ ಹೆಸರು ಮಾಡಿರದ ಸ್ಕಾಟ್‌ಲೆಂಡಿನ ಹುಡುಗ ಡೇವಿಡ್ ಮೆಕ್‌ಲೇ ಕಿಡ್‌ಗೆ ಕೊಟ್ಟರು. ಧೈರ್ಯ ಅಂದ್ರೆ ಇದೇ ಅಲ್ವಾ? 1999ರಲ್ಲಿ ಮೈದಾನ ತೆರೆಯಿತು. ಅಲ್ಲಿರುವುದು ಫೆಸ್ಕ್ಯೂ ಹುಲ್ಲು, ಗಾಡಿಯ ಓಡಾಟ ತಾಳುವುದಿಲ್ಲ. ನೆಲ ಗಟ್ಟಿ, ಗಾಳಿ ಜಾಸ್ತಿ. ಚೆಂಡನ್ನು ಸುಮ್ನೆ ಎತ್ತಿ ಹೊಡೆದರೆ ಗಾಳಿಯೇ ಒಯ್ಯುತ್ತದೆ, ನೆಲದಲ್ಲಿ ಉರುಳಿಸುವುದೇ ಜಾಣತನ. ಅಂಗವಿಕಲರಿಗೆ ಗಾಡಿಯ ವಿನಾಯಿತಿ ಇದೆ. ನನ್ನಂಥ ಸೋಮಾರಿಗಳಿಗಿಲ್ಲ! ಊರಿಂದ ದೂರ ಕಟ್ಟಿದರೂ ಜನ ಬರ್ತಾರೆ ಅಂತ ಬೇರೆ ಡೆವಲಪರ್‌ಗಳೂ ನಂಬಿದ್ದು ಇದನ್ನು ನೋಡಿದ ಮೇಲೆ. ಸದಸ್ಯತ್ವ ಬೇಕಿಲ್ಲ, ಯಾರು ಬೇಕಾದರೂ ಆಡಬಹುದು. ಶುಲ್ಕ ಮಾತ್ರ ಜೇಬು ಸುಡುತ್ತದೆ.