ದೊಡ್ಡಪ್ಪನ ಕೋಣೆ ಗುಡಿಸಬೇಡಿ

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೆ 78 ವರ್ಷ. ಮಲ್ಲೇಶ್ವರದ ಹಳೇ ಮನೆಯ ಮಹಡಿ ಕೋಣೆಯಲ್ಲಿ ಈಗಲೂ ದಿನಾ ಆಯಿಲ್ ಪೇಂಟಿಂಗ್ ಮಾಡುತ್ತಾರೆ. ಅಲ್ಲೇ ಅವರದೊಂದು ಒಳ್ಳೆಯ ಫೋಟೊ ತೆಗೆಯುವ ಆಸೆ. ಆದರೆ ಕೋಣೆ ತುಂಬಾ ಗಲೀಜು. ಕ್ಯಾಮೆರಾ ಕಂಡರೆ ಅವರು ಸೆಟೆದು ಕೂರುತ್ತಾರೆ. ಕ್ಲೀನ್ ಮಾಡಿಸಿ, ಫ್ಲ್ಯಾಶ್ ಬಾಡಿಗೆಗೆ ತರಲಾ ಸರ್?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ ಬೇಡ. ದಯವಿಟ್ಟು ಪೊರಕೆ ಮುಟ್ಟಬೇಡಿ.

ಒಮ್ಮೆ ಬಸವನಗುಡಿಯಲ್ಲಿ ಹಿರಿಯ ಶಿಲ್ಪಿಯೊಬ್ಬರ ಫೋಟೊ ತೆಗೆಯಲು ಹೋಗಿದ್ದೆ. ಹಿಂದಿನ ದಿನವೇ ಫೋನ್ ಮಾಡಿದ್ದೆ. ಹೋಗಿ ನೋಡಿದರೆ, ಉಳಿ ಸುತ್ತಿಗೆಗಳನ್ನೆಲ್ಲ ಟ್ರಂಕಿಗೆ ತುಂಬಿ, ನೆಲ ಒರೆಸಿ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕಾಯುತ್ತಿದ್ದರು. ನನ್ನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಆದರೆ ಫೋಟೊದಲ್ಲಿ ಶಿಲ್ಪಿ ಕಾಣಲೇ ಇಲ್ಲ. ತಿಂಗಳಾದ ಮೇಲೆ ಮತ್ತೆ ಹೋದೆ. ಆವತ್ತು ಅವರ ಹುಬ್ಬಿನ ಮೇಲೂ ಕಲ್ಲಿನ ಪುಡಿ ಇತ್ತು. ಆ ಫೋಟೊ ಇವತ್ತಿಗೂ ನಮ್ಮ ಮನೆ ಗೋಡೆಯ ಮೇಲಿದೆ.

1944ರಲ್ಲಿ ಫ್ರಾನ್ಸಿನ ವಾನ್ಸ್ ಊರಿನಲ್ಲಿ ಛಾಯಾಗ್ರಾಹಕ ಕಾರ್ತಿಯೇ-ಬ್ರೆಸನ್ ತೆಗೆದ ಚಿತ್ರಕಾರ ಮತೀಸ್ ಅವರ ಫೋಟೊ ಹುಡುಕಿ ನೋಡಿ. ಮುದುಕರ ಒಂದು ಕೈಯಲ್ಲಿ ಬಿಳಿ ಪಾರಿವಾಳ, ಇನ್ನೊಂದು ಕೈ ಅದರ ಚಿತ್ರ ಬರೆಯುತ್ತಿದೆ. ಪಕ್ಕದಲ್ಲಿ ಪಂಜರಗಳು. ಅವರ ಕಣ್ಣು ಹಕ್ಕಿಯ ಮೇಲಿದೆ, ಕ್ಯಾಮೆರಾದ ಮೇಲಲ್ಲ. ನಿಮಗೂ ಬೇಕಾದದ್ದು ಅದೇ ಅಲ್ವಾ?

ಮೊದಲ ಎರಡು ದಿನ ಸುಮ್ನೆ ಹೋಗಿ ಕಾಫಿ ಕುಡಿದು ಬನ್ನಿ. ಕ್ಯಾಮೆರಾ ತೊಡೆಯ ಮೇಲಿರಲಿ. ಅವರ ಬ್ರಷ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ಅಂತ ಕೇಳಿ. ಹೇಳುತ್ತಾ ಹೇಳುತ್ತಾ ಕೈ ತಾನಾಗಿ ಕೆಲಸಕ್ಕೆ ಹೋಗುತ್ತದೆ.

ಬೆಳಕಿಗೆ ಕಿಟಕಿ ಸಾಕು. ಉತ್ತರದ ಕಿಟಕಿಯಾದರೆ ಚಳಿಗಾಲದಲ್ಲಿ ದಿನವಿಡೀ ಮೆತ್ತನೆಯ ಬೆಳಕು ಸಿಗುತ್ತದೆ. ನಮ್ಮೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕೇ ಇರುತ್ತಾನೆ. ಆಗ ಬಿಸಿಲು ಒಳಗೆ ಬಿದ್ದರೆ ಕಿಟಕಿಗೊಂದು ಬಿಳಿ ಪಂಚೆ ಕಟ್ಟಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಮೈಬಣ್ಣ ಕೆಡುತ್ತದೆ. ಫೋಟೊದಲ್ಲಿ ಕೋಣೆಯೂ ಬರಬೇಕಲ್ಲ, 35 ಎಂಎಂ ಲೆನ್ಸ್ ಒಳ್ಳೆಯದು. ಬ್ರಷ್ ತೊಳೆಯುವ ಆ ಕೊಳಕು ಡಬ್ಬವನ್ನು ಮಾತ್ರ ಫ್ರೇಮಿನಿಂದ ಬಿಡಬೇಡಿ.

ಪ್ರಿಂಟ್ ಹಾಕಿಸಿ ಮೊದಲು ದೊಡ್ಡಪ್ಪನಿಗೇ ತೋರಿಸಿ. ಅವರು ಬೇಡ ಅಂದದ್ದನ್ನು ಮನೆಯವರ ವಾಟ್ಸಾಪ್‌ ಗ್ರೂಪಿಗೂ ಹಾಕಬೇಡಿ.