ಬಿಪಿ ನಾರ್ಮಲ್ ಇದ್ರೂ ಇವತ್ತೇ ರಕ್ತ ಟೆಸ್ಟ್ ಮಾಡಿಸಿ

ಏಳೂವರೆ ತಿಂಗಳ ಬಸುರಿ, ಬಿಪಿ 120/80, ಆದ್ರೆ ಎರಡು ದಿನದಿಂದ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಇದು ಬರೀ ಗ್ಯಾಸ್ಟ್ರಿಕ್ಕಾ ಅಂತ ಕೇಳಿದೀರಿ. ಇರಬಹುದು. ಆದ್ರೆ ಅದನ್ನ ಹೇಳಬೇಕಾಗಿರೋದು ನೀವೂ ಅಲ್ಲ ನಾನೂ ಅಲ್ಲ, ಬ್ಲಡ್ ರಿಪೋರ್ಟು. ಮೊದ್ಲು ಹೊರಡಿ, ಉಳಿದಿದ್ದನ್ನ ದಾರೀಲಿ ಓದ್ಕೊಳ್ಳಿ.

ನಾನು ಡಾಕ್ಟರ್ ಅಲ್ಲ, ಎರಡು ಬಸುರಲ್ಲೂ ಸಾವಿನ ಹತ್ರ ಹೋಗಿ ಬಂದೋಳು ಅಷ್ಟೇ. ಮೊದಲ್ನೇ ಸಲ ಬಿಪಿ 170/110, ಯೂರಿನ್ನಲ್ಲಿ ಪ್ರೋಟೀನು, ತಲೆ ಸಿಡಿದು ಹೋಗೋ ಅಂಥ ನೋವು, ಕಣ್ಮುಂದೆ ಮಿಂಚು ಹೊಡೆದ ಹಾಗೆ. ಆಗ ಯಾರೂ ತಡ ಮಾಡ್ಲಿಲ್ಲ, ಫಿಟ್ಸ್ ಬರದೇ ಇರ್ಲಿ ಅಂತ ಮೆಗ್ನೀಷಿಯಂ ಡ್ರಿಪ್ ಹಾಕಿ (ಮೈಯೆಲ್ಲಾ ಒಳಗಿಂದ ಕಾದು ಹೋಗತ್ತೆ ಅದು) ಮದ್ದು ಜಾಸ್ತಿ ಆಗಿಲ್ಲ ತಾನೇ ಅಂತ ಆಗಾಗ ಬಂದು ಪುಟ್ಟ ಸುತ್ತಿಗೇಲಿ ಮೊಣಕಾಲಿಗೆ ತಟ್ಟಿ ಕಾಲು ಎಗರತ್ತಾ ನೋಡಿ ಹೋಗ್ತಿದ್ರು.

ಎರಡನೇ ಸಲ ಬಿಪಿ 118/76 ಇತ್ತು ನೋಡಿ, ಎಲ್ರೂ ನಿರಾಳ. 33ನೇ ವಾರ, ಒಂದು ರಾತ್ರಿ ಎದೆ ಕೆಳಗೆ ಬಲಕ್ಕೆ ಯಾರೋ ಹಿಂಡ್ತಿರೋ ಹಾಗೆ ನೋವು, ಮಲಗಿದ್ರೂ ಆಗ್ತಿಲ್ಲ ಕೂತ್ರೂ ಆಗ್ತಿಲ್ಲ, ಆಸ್ಪತ್ರೆಗೆ ಹೋದ್ರೆ ಬಿಪಿ ನೋಡಿ, ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ವಾಪಸ್ ಕಳಿಸಿದ್ರು. ಬೆಳಿಗ್ಗೆ ಹಲ್ಲುಜ್ಜುವಾಗ ಉಗುಳಿದ್ದೆಲ್ಲಾ ಕೆಂಪು. ಬೇರೆ ಕಡೆ ಹೋಗಿ ಟೆಸ್ಟ್ ಮಾಡಿಸಿದ್ರೆ, ರಕ್ತ ಹೆಪ್ಪುಗಟ್ಟಿಸೋ ಕಣ, ಅಂದ್ರೆ ಪ್ಲೇಟ್‌ಲೆಟ್ 62 ಸಾವಿರ! ಕಡಿಮೆ ಅಂದ್ರೂ ಒಂದೂವರೆ ಲಕ್ಷ ಇರಬೇಕಿತ್ತು. ಲಿವರ್ ಎನ್ಜೈಮೂ ಏರಿ ಕೂತಿತ್ತು. ಇದಕ್ಕೆ ಹೆಲ್ಪ್ ಸಿಂಡ್ರೋಮ್ ಅಂತಾರೆ, 1982ರಲ್ಲಿ ಇಟ್ಟ ಹೆಸರು, ಹೆಸರಲ್ಲಿ ಮಾತ್ರ ಹೆಲ್ಪು. ಕೆಂಪು ರಕ್ತಕಣ ಒಡೀತವೆ, ಲಿವರ್‌ಗೆ ಏಟು ಬೀಳತ್ತೆ, ಪ್ಲೇಟ್‌ಲೆಟ್ ಇಳಿಯತ್ತೆ. ಇದು ಬಂದೋರಲ್ಲಿ ಸುಮಾರು ನೂರಕ್ಕೆ 10ರಿಂದ 20 ಜನಕ್ಕೆ ಬಿಪಿ ಏರೋದೇ ಇಲ್ಲ. ಮೂಲ ತೊಂದರೆ ಇರೋದು ಪ್ಲಾಸೆಂಟಾ (ಹೊಟ್ಟೇಲಿರೋ ಮಗುಗೆ ಆಹಾರ ಕೊಡೋ ಮಾಸು) ಮತ್ತೆ ರಕ್ತನಾಳದ ಒಳಪದರದಲ್ಲಿ, ಬಿಪಿ ಅದರ ಒಂದು ಗುರುತು ಅಷ್ಟೇ, ಆ ಗುರುತು ಕಾಣ್ಲಿಲ್ಲ ಅಂದ್ರೆ ರೋಗ ಇಲ್ಲ ಅಂತಲ್ಲ. ಹೆರಿಗೆ ಮಾಡಿಸೋದೇ ಇದಕ್ಕೆ ಮದ್ದು. ಪ್ಲೇಟ್‌ಲೆಟ್ ಅಷ್ಟು ಕಡಿಮೆ ಇದ್ದಿದ್ದಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಡದೆ ಪೂರ್ತಿ ಅನಸ್ತೇಷಿಯಾ ಕೊಟ್ಟು ಸಿಸೇರಿಯನ್ ಮಾಡಿದ್ರು, ಮಗು ಮುಖ ನೋಡಿದ್ದು ಎರಡು ದಿನ ಆದ್ಮೇಲೆ.

ಸಿಬಿಸಿ (ರಕ್ತಕಣಗಳ ಲೆಕ್ಕ), ಎಲ್‌ಎಫ್‌ಟಿ (ಲಿವರ್ ಟೆಸ್ಟು), ಕ್ರಿಯಾಟಿನಿನ್ (ಕಿಡ್ನಿ ಟೆಸ್ಟು), ಯೂರಿನ್ ಪ್ರೋಟೀನ್ ಇಷ್ಟನ್ನ ಬಾಯಿಬಿಟ್ಟು ಕೇಳಿ. ಬಿಪಿ ಸರಿ ಇದೆ ಹೋಗಿ ಅಂದ್ರೆ ಎದ್ದು ಬರಬೇಡಿ, ಜಗಳ ಆದ್ರೂ ಪರ್ವಾಗಿಲ್ಲ. ಇವತ್ತು ನಾರ್ಮಲ್ ಬಂದು ನೋವು ಹಾಗೇ ಇದ್ರೆ ಮತ್ತೆ ಮಾಡಿಸ್ಬೇಕು, ಕೆಲವೇ ಗಂಟೇಲಿ ಪ್ಲೇಟ್‌ಲೆಟ್ ಬಿದ್ದು ಹೋಗತ್ತೆ. ಹೆರಿಗೆ ಆದ್ಮೇಲೂ, ಅದರಲ್ಲೂ ಮೊದಲ ಎರಡು ದಿನ, ಇದು ಬರಬಹುದು.

ಒಬ್ರೇ ಹೋಗ್ಬೇಡಿ. ರಿಪೋರ್ಟ್ ಬಂದ್ಮೇಲೆ ಏನಾಯ್ತು ಅಂತ ಕೆಳಗೆ ಒಂದು ಮಾತು ಹಾಕಿ, ನೋಡ್ತಿರ್ತೀನಿ.