ಮಾಡಿಫೈಡ್ ಕಾರುಗಳ ಪ್ರದರ್ಶನಕ್ಕೆ ಹೋಗುವುದು ಸಾರ್ಥಕವೇ?

"ಪ್ರದರ್ಶನಕ್ಕೆ ಇನ್ನು ಆರು ವಾರ ಇದೆ, ಅಷ್ಟರೊಳಗೆ ಸ್ವಿಫ್ಟ್ ಅನ್ನು ಲೋ ಮಾಡಿಸಿ, ಅಂದರೆ ನೆಲಕ್ಕೆ ತಗ್ಗಿಸಿ, ಹದಿನಾರು ಇಂಚಿನ ಅಲಾಯ್ ಚಕ್ರ ಹಾಕಿಸುತ್ತೇನೆ, ಇಷ್ಟು ಖರ್ಚು ಮಾಡಿ ಮಂಗಳೂರಿಗೆ ಹೋಗುವುದು ಸಾರ್ಥಕವೇ" ಎಂದು ಕೇಳಿದ್ದೀರಿ. ಓದಿದ ಮೇಲೆ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. 2015ರ ಜನವರಿಯಲ್ಲಿ ನಾನೂ ಇದೇ ಲೆಕ್ಕ ಹಾಕಿಕೊಂಡು ಕುಳಿತಿದ್ದೆ. ಕಾರೂ ಅದೇ.

ನನ್ನದು ಕೆಎ 20 ನೋಂದಣಿಯ ಬಿಳಿ ಡೀಸೆಲ್ ಸ್ವಿಫ್ಟ್, ಎರಡನೆಯ ತಲೆಮಾರಿನದು. ಮನೆ ಕಟಪಾಡಿ, ಕೆಲಸ ಸುರತ್ಕಲ್. ದಿನಕ್ಕೆ ಅರುವತ್ತು ಕಿಲೋಮೀಟರ್ ತಪ್ಪದೆ ಓಡುತ್ತಿದ್ದ ಕಾರು. ಮಂಗಳೂರಿನ ಮೈದಾನದಲ್ಲಿ ಪ್ರದರ್ಶನ ಇದೆ ಎಂದು ಗೊತ್ತಾದ ದಿನವೇ ಪ್ರವೇಶ ಶುಲ್ಕ ಕಟ್ಟಿದೆ. 205/50 ಆರ್16 ಅಳತೆಯ ಅಗಲ ಟೈರ್ ಮತ್ತು ಅಲಾಯ್ ಕೊಂಡೆ. ಅದೇ ಕಾರಿಗೆಂದು ತಯಾರಾದ, 35 ಮಿಲಿಮೀಟರ್ ಇಳಿಸುವ ಸ್ಪ್ರಿಂಗ್‌ಗಳ ಸೆಟ್ಟಿಗೆ ಬೆಂಗಳೂರಿನ ಅಂಗಡಿಗೆ ಹಣ ಕಳುಹಿಸಿದೆ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ಪಾರ್ಸೆಲ್ ಬರಲಿಲ್ಲ. ಮೂರು ವಾರ ಕಾದೆ. ಭಾನುವಾರ ಪ್ರದರ್ಶನ, ಅದರ ಹಿಂದಿನ ಸೋಮವಾರವೂ ಕಾರು ಕಾರ್ಖಾನೆಯಿಂದ ಬಂದ 170 ಮಿಲಿಮೀಟರ್ ಎತ್ತರದಲ್ಲೇ ನಿಂತಿತ್ತು. ಅಗಲ ಟೈರು ಹಾಕಿದ ಮೇಲೆ ಚಕ್ರಕ್ಕೂ ಮಡ್ಗಾರ್ಡಿಗೂ ನಡುವಿನ ಸಂದು ಕಣ್ಣಿಗೆ ಚುಚ್ಚುತ್ತಿತ್ತು. ಗ್ಯಾರೇಜಿನವನು "ಇರುವ ಸ್ಪ್ರಿಂಗನ್ನೇ ಕತ್ತರಿಸೋಣ, ಎರಡು ಗಂಟೆಯ ಕೆಲಸ" ಎಂದ. ಹೂಂ ಎಂದೆ.

ಆ ಒಂದು 'ಹೂಂ' ಏನು ಮಾಡಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಅರ್ಧಕ್ಕೆ ಬಿಟ್ಟು ಹೋಗಬೇಡಿ. ಸ್ಪ್ರಿಂಗ್ ಕತ್ತರಿಸಿದರೆ ಕಾರು ಕೆಳಗಿಳಿಯುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಸ್ಪ್ರಿಂಗ್ ಗಿಡ್ಡವಾದಷ್ಟೂ ಬಿಗಿಯಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಭಾರ ಅಷ್ಟೇ ಇರುತ್ತದೆ, ಅದನ್ನು ಹಂಚಿಕೊಳ್ಳುವ ಸುತ್ತುಗಳು ಕಡಿಮೆಯಾಗುತ್ತವೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದೂವರೆ ಹೋದರೆ ಬಿಗಿತ ಮೂರನೆಯ ಒಂದು ಪಾಲು ಏರುತ್ತದೆ. ಸ್ಪ್ರಿಂಗಿನ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಸ್ಪ್ರಿಂಗಿಗೆ ಹೊಂದಿಸಿದ್ದೇ ಇರುತ್ತದೆ. ಬಿಗಿ ಸ್ಪ್ರಿಂಗ್ ಒದ್ದು ಮೇಲೆ ಬರುವುದನ್ನು ಅದು ತಡೆಯಲಾರದು. ಚಕ್ರ ತೀರಾ ಮೇಲೆ ಬರದಂತೆ ತಡೆಯುವ ರಬ್ಬರು, ಅಂದರೆ ಬಂಪ್ ಸ್ಟಾಪಿಗೂ ಅಂತರ ಉಳಿಯುವುದಿಲ್ಲ, ಹಾಗಾಗಿ ಸಣ್ಣ ಗುಂಡಿಗೂ ರಬ್ಬರಿನ ಮೇಲೆ ಬಡಿತ.

ಇದೆಲ್ಲ ಸೊಂಟ ನೋಯಿಸುವ ವಿಷಯ. ಜೀವಕ್ಕೆ ಎರವಾಗುವುದು ಹಿಂದಿನ ಚಕ್ರಗಳಲ್ಲಿದೆ. ಸ್ವಿಫ್ಟ್‌ನ ಮುಂದೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಬಿಗಿದುಕೊಂಡಿರುತ್ತವೆ. ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ. ಅಲ್ಲಿ ಶಾಕ್ ಅಬ್ಸಾರ್ಬರ್ ಬೇರೆ, ಸ್ಪ್ರಿಂಗ್ ಬೇರೆ. ಸ್ಪ್ರಿಂಗನ್ನು ಬೋಲ್ಟ್ ಹಾಕಿ ಹಿಡಿದಿಲ್ಲ. ಕೆಳಗೆ ಬೀಮಿನ ತಟ್ಟೆ, ಮೇಲೆ ಬಾಡಿ, ನಡುವೆ ಕಾರಿನ ಭಾರವೇ ಅದನ್ನು ಒತ್ತಿ ಹಿಡಿದಿರುತ್ತದೆ. ಚಕ್ರ ಪೂರ್ತಿ ಕೆಳಕ್ಕೆ ಜೋತಾಗಲೂ ಸ್ಪ್ರಿಂಗ್ ಸ್ವಲ್ಪವಾದರೂ ಒತ್ತಿಕೊಂಡೇ ಇರಬೇಕು, ಇಲ್ಲದಿದ್ದರೆ ಜಾಗ ತಪ್ಪುತ್ತದೆ. ಸರಿಯಾಗಿ ತಯಾರಿಸಿದ ಲೋಯರಿಂಗ್ ಸ್ಪ್ರಿಂಗ್‌ನಲ್ಲಿ ಈ ಉದ್ದವನ್ನು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ತಟ್ಟೆಯಲ್ಲಿ ಕೂರುವಂತೆ ತುದಿಯನ್ನೂ ತಿರುವಿರುತ್ತಾರೆ. ನನ್ನ ಸ್ಪ್ರಿಂಗಿಗೆ ಆ ಉದ್ದವೂ ಇರಲಿಲ್ಲ, ಆ ತುದಿಯೂ ಇರಲಿಲ್ಲ. ಗ್ರೈಂಡರ್ ಕಡಿದ ಓರೆ ತುದಿ, ಬಿಸಿಗೆ ನೀಲಿಗಟ್ಟಿತ್ತು. ಆ ನೀಲಿ ಚೆನ್ನಾಗಿದೆ ಎಂದು ನಾನು ಫೋಟೋ ಬೇರೆ ತೆಗೆದುಕೊಂಡಿದ್ದೆ.

ಪ್ರದರ್ಶನ ಸೊಗಸಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಕಾಸರಗೋಡು, ಕಣ್ಣೂರಿನಿಂದ ಬಂದಿದ್ದ ಕಾರುಗಳ ಬಣ್ಣದ ಕೆಲಸ ನೋಡಿ ಬೆರಗಾದೆ. ಮಣಿಪಾಲದ ವಿದ್ಯಾರ್ಥಿಗಳು ಹಳೆಯ ಮಾರುತಿ 800ರ ಎಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿ ತಂದಿದ್ದರು; ಬಾನೆಟ್ ತೆರೆದು ಕೇಳಿದವರಿಗೆಲ್ಲ ವಿವರಿಸುತ್ತಿದ್ದರು. ಒಬ್ಬರು ತಂದೆಯ ಪ್ರೀಮಿಯರ್ ಪದ್ಮಿನಿಯನ್ನು ಒಂದು ಸ್ಕ್ರೂ ಬದಲಿಸದೆ ಹೊಳೆಯಿಸಿ ನಿಲ್ಲಿಸಿದ್ದರು. ನನ್ನ ಕಾರಿನ ಸುತ್ತಲೂ ಹುಡುಗರು ಸೇರಿದ್ದರು, ಎದೆ ಉಬ್ಬಿತ್ತು. ಆಗ ತೀರ್ಪುಗಾರರಲ್ಲಿ ಒಬ್ಬರು, ತಲೆ ನರೆತವರು, ಮೊಣಕಾಲೂರಿ ಕುಳಿತು ಹಿಂದಿನ ಚಕ್ರದ ಒಳಗೆ ಕೈ ಹಾಕಿ ಸ್ಪ್ರಿಂಗ್ ಮುಟ್ಟಿ ನೋಡಿದರು. "ಹೀಗೆ ಮಾಡಿದ ಮೇಲೆ ಎಷ್ಟು ಕಿಲೋಮೀಟರ್ ಓಡಿಸಿದ್ದೀರಿ?" ಎಂದು ಕೇಳಿದರು. ಕಟಪಾಡಿಯಿಂದ ಇಲ್ಲಿಯವರೆಗೆ ಎಂದೆ. "ವಾಪಸ್ ಹೋಗುವಾಗ ನಿಧಾನ" ಎಂದಷ್ಟೇ ಹೇಳಿ ಮುಂದೆ ಹೋದರು. ಬಹುಮಾನ ಬರುವುದಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡೆನೇ ಹೊರತು ಆ ಮಾತಿನ ಅರ್ಥ ನನ್ನ ತಲೆಗೆ ಹೋಗಲಿಲ್ಲ.

ಈ ಪ್ರದರ್ಶನಗಳ ಬಗ್ಗೆ ನನಗೆ ಇರುವ ಒಂದೇ ದೊಡ್ಡ ಆಕ್ಷೇಪವೂ ಇದೇ. ನಮ್ಮ ಕಂಬಳದಲ್ಲಿ ಕೋಣವನ್ನು ಎಷ್ಟು ಚೆನ್ನಾಗಿ ಸಾಕಿ ಸಿಂಗರಿಸಿದರೂ ತೀರ್ಪು ಆಗುವುದು ಗದ್ದೆಯಲ್ಲಿ ಓಡಿದಾಗ. ಕನೆಹಲಗೆ ವಿಭಾಗದಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದನ್ನೂ ಓಡುವಾಗಲೇ ನೋಡುತ್ತಾರೆ. ಕಾರುಗಳ ಪ್ರದರ್ಶನದಲ್ಲಿ ಎಲ್ಲವೂ ನಿಂತಿರುತ್ತವೆ. ನಿಂತ ಕಾರಿನಲ್ಲಿ ಕತ್ತರಿಸಿದ ಸ್ಪ್ರಿಂಗೂ ಎತ್ತರ ಹೊಂದಿಸಬಹುದಾದ ಒಂದು ಲಕ್ಷದ ಕಾಯಿಲೋವರ್ ಸ್ಪ್ರಿಂಗ್ ಸೆಟ್ಟೂ ಒಂದೇ ತರಹ ಕಾಣುತ್ತವೆ.

ಸಂಜೆ ತಂಗಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಚತುಷ್ಪಥ ಕಾಮಗಾರಿ ನಡೆಯುತ್ತಿದ್ದ ಕಾಲ ಅದು. ಮೂಲ್ಕಿ ದಾಟಿ, ಪಡುಬಿದ್ರಿಗೆ ಮೊದಲು, ಹಳೆಯ ರಸ್ತೆಯಿಂದ ಹೊಸ ಡಾಂಬರಿಗೆ ಹತ್ತಿ ಇಳಿಯುವ ಒಂದು ಉಬ್ಬು. ವೇಗ ಐವತ್ತರ ಆಸುಪಾಸು, ಹೆಚ್ಚೇನಲ್ಲ. ಕಾರಿನ ಹಿಂಭಾಗ ಒಮ್ಮೆ ಎದ್ದಿತು. ಇಳಿಯುವಾಗ ಎಡಗಡೆ 'ಟಣ್' ಎಂದು ಕಬ್ಬಿಣದ ಸದ್ದು. ಸ್ಪ್ರಿಂಗ್ ತಟ್ಟೆಯಿಂದ ಜಾರಿ ಅಡ್ಡ ಬಿದ್ದಿತ್ತು. ಆ ಮೂಲೆ ಪೂರ್ತಿ ಕುಸಿಯಿತು, ಟೈರಿನ ಅಂಚು ವ್ಹೀಲ್ ಆರ್ಚಿಗೆ ಕಚ್ಚಿ ಹರಿಯಿತು, ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಜಲ್ಲಿ ರಾಶಿಗೆ ಗುದ್ದಿತು. ತಂಗಿಯ ಹಣೆಗೆ ನಾಲ್ಕು ಹೊಲಿಗೆ. ಹಿಂದೆ ಟಿಪ್ಪರ್ ಬರುತ್ತಿರಲಿಲ್ಲ. ಬಂದಿದ್ದರೆ ಈ ಉತ್ತರ ಬರೆಯಲು ನಾನು ಇರುತ್ತಿರಲಿಲ್ಲ, ಅವಳೂ ಇರುತ್ತಿರಲಿಲ್ಲ.

ವಿಮೆಯ ಸರ್ವೇಯರ್ ಕಾರಿನ ಕೆಳಗೆ ಬಗ್ಗಿ ನೋಡಿ ಮೂರು ಫೋಟೋ ತೆಗೆದರು. ಬದಲಾವಣೆಯನ್ನು ಪಾಲಿಸಿಯಲ್ಲಿ ತಿಳಿಸಿಲ್ಲ ಎಂಬ ಕಾರಣಕ್ಕೆ ಪರಿಹಾರ ಸಿಗಲಿಲ್ಲ. ಬೀಮ್, ಎರಡು ಅಲಾಯ್, ಬಂಪರ್, ಬಣ್ಣ ಎಲ್ಲ ಸೇರಿ 86,000 ರೂಪಾಯಿ ಕೈಯಿಂದ ಹೋಯಿತು. ಬೆಂಗಳೂರಿನ ಪಾರ್ಸೆಲ್ ಗುರುವಾರ ಬಂತು.

ನಮ್ಮ ನೆರೆಮನೆಯಲ್ಲಿ ಒಬ್ಬ ಹಿರಿಯರಿದ್ದರು. ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಕಟ್ಟಿದ ಕೆನರಾ ವರ್ಕ್‌ಶಾಪ್ಸ್‌ನಲ್ಲಿ ಲಾರಿ, ಬಸ್ಸುಗಳ ಸ್ಪ್ರಿಂಗ್ ಮಾಡುತ್ತಾ ಆಯುಷ್ಯ ಸವೆಸಿದವರು. ಕತ್ತರಿಸಿದ ತುಂಡನ್ನು ಅವರಿಗೆ ತೋರಿಸಿದೆ. ನೀಲಿ ತುದಿಯ ಮೇಲೆ ಹೆಬ್ಬೆರಳಾಡಿಸಿ, ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಲೆಕ್ಕದ ಬಿಸಿಯಲ್ಲಿ ಇಟ್ಟು ಹದ ತರುವುದು ಹೇಗೆಂದು ಅರ್ಧ ಗಂಟೆ ಹೇಳಿದರು. ಬೇಕಾಬಿಟ್ಟಿ ಬಿಸಿ ಮಾಡಿದರೆ ಆ ಹದ ಕೆಡುತ್ತದೆ ಎಂದರು. ಬೈಯಲಿಲ್ಲ. ಸ್ಪ್ರಿಂಗಿನ ಊರಿನಲ್ಲಿ ಹುಟ್ಟಿ, ಗೋಡೆಯಾಚೆ ಇದ್ದ ಮನುಷ್ಯನನ್ನು ಒಂದು ಮಾತು ಕೇಳದೆ ಗ್ರೈಂಡರ್ ಹಿಡಿಸಿದೆನಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಈಗ ನಿಮ್ಮ ಪ್ರಶ್ನೆ. ಅದರಲ್ಲೇ ನನಗೆ ತಕರಾರಿದೆ. ಹೋಗುವುದನ್ನೂ ಕಾರನ್ನು ಸಜ್ಜು ಮಾಡುವುದನ್ನೂ ನೀವು ಒಂದೇ ಗಂಟು ಹಾಕಿದ್ದೀರಿ. ಪ್ರದರ್ಶನಕ್ಕೆ ಖಂಡಿತ ಹೋಗಿ, ಆದರೆ ಈ ಸಲ ಬಸ್ಸಿನಲ್ಲಿ ಹೋಗಿ. ದೂರದಿಂದ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಮಾಲೀಕರ ಒಪ್ಪಿಗೆ ಕೇಳಿ, ಬಗ್ಗಿ, ಟಾರ್ಚ್ ಹಾಕಿ ಕಾರಿನ ಕೆಳಗೆ ನೋಡಿ. ಆ ತೀರ್ಪುಗಾರರು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಎಲ್ಲರನ್ನೂ ಕೇಳಿ: ಹೀಗೆ ಮಾಡಿದ ಮೇಲೆ ಎಷ್ಟು ಕಿಲೋಮೀಟರ್ ಓಡಿಸಿದ್ದೀರಿ, ಒಂದು ಮಳೆಗಾಲ ಕಳೆದಿದೆಯೇ? ಟ್ರಕ್ಕಿನ ಮೇಲೆ ಹೇರಿಕೊಂಡು ಬಂದ ಕಾರುಗಳು ಎಷ್ಟು ಎಂದೂ ಎಣಿಸಿ. ಅಷ್ಟರಿಂದಲೇ ನಿಮ್ಮ ದಿನ ಸಾರ್ಥಕವಾಗುತ್ತದೆ.

ಕಾನೂನನ್ನೂ ಹಗುರವಾಗಿ ನೋಡಬೇಡಿ. ತಯಾರಕರ ವಿವರಕ್ಕೆ ಹೊರತಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಒಪ್ಪುವುದಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು.

ಆರು ವಾರ ಎಂದಿದ್ದೀರಲ್ಲ, ನನಗೆ ಹೆದರಿಕೆ ಇರುವುದು ಆ ಆರು ವಾರದ ಬಗ್ಗೆ. ದಿನಾಂಕ ಹತ್ತಿರವಾದ ಹಾಗೆ ಒಳ್ಳೆಯ ಬಿಡಿಭಾಗ ಬರುವುದಿಲ್ಲ, ಒಳ್ಳೆಯ ಮೆಕ್ಯಾನಿಕ್‌ಗೆ ಬಿಡುವಿರುವುದಿಲ್ಲ, ಯಾರೋ ಒಬ್ಬ ಎರಡು ಗಂಟೆಯ ಕೆಲಸ ಎನ್ನುತ್ತಾನೆ. ಹಾಗಾಗಿ ಪ್ರದರ್ಶನ ಮುಗಿಯುವವರೆಗೆ ಕಾರಿಗೆ ಸ್ಪ್ಯಾನರ್ ಮುಟ್ಟಿಸಬೇಡಿ. ಕೂಡಿಟ್ಟ ಹಣದಲ್ಲಿ ಮೊದಲು ಟೈರು, ಬ್ರೇಕ್ ಪ್ಯಾಡ್, ಹಳೆಯದಾಗಿದ್ದರೆ ಶಾಕ್ ಅಬ್ಸಾರ್ಬರ್ ಬದಲಿಸಿಕೊಳ್ಳಿ. ಅದನ್ನು ಪ್ರದರ್ಶನದ ಮರುವಾರ ಮಾಡಿಸಿ. ಆಮೇಲೂ ಲೋ ಮಾಡುವ ಆಸೆ ಉಳಿದಿದ್ದರೆ ಇಲ್ಲಿಯೇ ಬರೆಯಿರಿ. ಗುರುವಾರ ಬಂದ ಆ ಸ್ಪ್ರಿಂಗ್ ಸೆಟ್ ಇನ್ನೂ ನನ್ನ ಅಟ್ಟದ ಮೇಲಿದೆ, ಪೆಟ್ಟಿಗೆಯನ್ನು ಒಡೆದೂ ಇಲ್ಲ. ನಿಮ್ಮ ಕಾರೂ ಎರಡನೆಯ ತಲೆಮಾರಿನದ್ದೇ ಆಗಿದ್ದರೆ ಕಟಪಾಡಿಗೆ ಬಂದು ತುದಿಗಳನ್ನು ಹೇಗೆ ತಿರುವಿದ್ದಾರೆಂದು ಕೈಯಲ್ಲಿ ಹಿಡಿದು ನೋಡಿ.